ಹಿಮ ನಿಂತಷ್ಟು ಎತ್ತರಕ್ಕೆ

ಕೆನಡಾದ ಸಸ್ಕಟೂನ್‌ನಲ್ಲಿ ಇವತ್ತು ಏಪ್ರಿಲ್ ಕೊನೇ ಭಾನುವಾರ. ಬೇಲಿ ನೆರಳಲ್ಲಿ ಇನ್ನೂ ಒಂದಿಷ್ಟು ಹಿಮ ಉಳಿದಿದೆ, ನೋಡಿ. ಐದು ತಿಂಗಳಾಯ್ತು ಈ ಹಿತ್ತಲಿನ ಮಣ್ಣು ಮುಟ್ಟಿ. ಯಾವ ಗಿಡ ಉಳಿದಿದೆ ಅಂತ ನೋಡದೆ ಇವತ್ತು ನಂಗೆ ತಿಂಡಿನೂ ಸೇರಲಿಲ್ಲ.

ಇದು ವೈಗೀಲಾ, ಹೂ ಬಿಡೋ ಪೊದೆಗಿಡ. ಎರಡು ವರ್ಷದ ಹಿಂದೆ ನರ್ಸರಿಯಲ್ಲಿ ಇದರ ಗುಲಾಬಿ ಹೂ ನೋಡಿ ಅಮ್ಮನ ಮನೆ ಕಣಗಿಲೆ ನೆನಪಾಯ್ತು, ತಂದುಬಿಟ್ಟೆ. ಚೀಟಿಯಲ್ಲಿ ಜೋನ್ 4 ಅಂತಿತ್ತು. ಗಿಡ ಎಷ್ಟು ಚಳಿ ತಡೆಯುತ್ತೆ ಅನ್ನೋ ಲೆಕ್ಕ ಅದು; ಅಂಕಿ ಕಡಿಮೆಯಾದಷ್ಟೂ ಊರಿನ ಚಳಿ ಜಾಸ್ತಿ. ನಮ್ಮೂರು ಜೋನ್ 3. ಕೆಲವು ರಾತ್ರಿ ಮೈನಸ್ 40ರ ಹತ್ತಿರ ಹೋಗುತ್ತೆ.

ಕ್ಯಾಮೆರಾ ಹತ್ತಿರ ತರ್ತೀನಿ. ಉಗುರಲ್ಲಿ ತೊಗಟೆ ಕೆರೀತೀನಿ... ಕಂದು. ತುದಿಯಂತೂ ಒಣ ಪುಳ್ಳೆ ಥರ ಪಟ್ಟಂತ ಮುರೀತು. ಇನ್ನೂ ಕೆಳಗೆ... ಇಲ್ಲೂ ಕಂದೇ. ಮೊಣಕಾಲಿನ ಎತ್ತರಕ್ಕೆ ಬಂದೆ... ಹಾ, ಹಸಿರು! ಎಷ್ಟು ಒದ್ದೆಯಾಗಿದೆ ನೋಡಿ. ಎಲ್ಲ ಕಡ್ಡಿಗೂ ಇದೇ ಎತ್ತರ. ಜನವರಿಯಲ್ಲಿ ಹಿಮ ನಿಂತಿದ್ದದ್ದೂ ಸರಿಯಾಗಿ ಇಷ್ಟೇ.

ಮೊದಲನೇ ವರ್ಷ ಗಿಡ ಪಾಪ ನಡುಗುತ್ತೆ ಅಂತ ಬುಡದ ಹಿಮವನ್ನೆಲ್ಲ ಸಲಿಕೆಯಲ್ಲಿ ತೆಗೆದುಹಾಕಿದ್ದೆ. ಅದರ ಕಂಬಳಿಯನ್ನೇ ಕಿತ್ತುಕೊಂಡಿದ್ದೆ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ನೆಲದ ಬಿಸಿ ಹಿಡಿದಿಡುತ್ತೆ. ಹಿಮದಿಂದ ಮೇಲಕ್ಕೆ ಚಾಚಿಕೊಂಡ ಕಡ್ಡಿಗಳ ತೇವವನ್ನ ಈ ಬಯಲುಸೀಮೆ ಗಾಳಿ ಹೀರ್ತಾನೇ ಇರುತ್ತೆ; ಮಣ್ಣು ಹೆಪ್ಪುಗಟ್ಟಿರೋದ್ರಿಂದ ಬೇರಿಗೆ ನೀರು ಸಿಗಲ್ಲ. ಚಳಿಯ ಜೊತೆಗೆ ಬಾಯಾರಿಕೆ. ಅದಕ್ಕೇ ಅಕ್ಟೋಬರ್‌ನಲ್ಲಿ ಎಲೆ ಉದುರಿದ ಮೇಲೆ, ನೆಲ ಗಟ್ಟಿಯಾಗೋ ಮುಂಚೆ, ಬುಡ ನೆನೆಯೋ ಹಾಗೆ ನೀರು ಹಾಕ್ತೀನಿ. ಜುಲೈ ಮಧ್ಯ ದಾಟಿದ್ರೆ ಗೊಬ್ಬರ ಮುಟ್ಟಲ್ಲ, ಎಳೆ ಚಿಗುರು ಬಲಿಯೋಕೆ ಸಮಯ ಸಾಲಲ್ಲ.

ಪಕ್ಕದ ಲೈಲಾಕ್ ತುದಿವರೆಗೂ ಮೊಗ್ಗು. ಇವೆಲ್ಲ ಹೋದ ಬೇಸಿಗೆಯಲ್ಲೇ ಕಟ್ಟಿದ್ದು, ಈಗ ಕತ್ತರಿ ಆಡಿಸಿದ್ರೆ ಹೂ ಹೋದಂಗೇ. ಜೂನ್‌ನಲ್ಲಿ ಹೂ ಬಾಡಿದ ಮೇಲೆ ಸವರಬೇಕು. ಆ ಮೂಲೆಯಲ್ಲಿರೋದು ಸಸ್ಕಟೂನ್ ಬೆರ್ರಿ, ಈ ನೆಲದ್ದೇ ಗಿಡ. ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನ ಈ ಹಣ್ಣಿಗೆ ಕರೆಯೋ ಹೆಸರಿಂದಲೇ ಊರಿಗೆ ಹೆಸರು ಬಂದಿದ್ದು. ಅದಕ್ಕೆ ನನ್ನ ಆರೈಕೆ ಅಷ್ಟಾಗಿ ಬೇಕಿಲ್ಲ.

ವೈಗೀಲಾಗೆ ಬೇಕು. ಒಣಗಿದ್ದನ್ನ ಹಸಿರಿನವರೆಗೂ ಕತ್ತರಿಸ್ತಾ ಇದ್ದೀನಿ. ಪಕ್ಕದಲ್ಲೊಂದು ಕೋಲು ನೆಟ್ಟು, ಇದೇ ಎತ್ತರಕ್ಕೆ ಕೆಂಪು ದಾರ ಕಟ್ಟಿದ್ದೀನಿ. ಮುಂದಿನ ಚಳಿಗಾಲ ಅಂಗಳದಿಂದ, ಹಿಮ ಕರಗಿಸೋಕೆ ಹಾಕೋ ಉಪ್ಪು ಬೀಳದ ಹಿಮ ತಂದು ಸುರಿಯೋದು, ಈ ದಾರ ಮುಚ್ಚೋವರೆಗೂ.