ಹವಳದ ತೊಟ್ಟಿಗೆ ಕಲ್ಲೇ ಫಿಲ್ಟರ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹವಳ ಬೆಳೆಸಲು ಉಪ್ಪುನೀರಿನ ತೊಟ್ಟಿ ಇಡುವವರು ಮೊದಲು ಕೇಳುವುದು ಯಾವ ಫಿಲ್ಟರ್ ಕೊಳ್ಳಬೇಕು ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಎಂಥ ಕಲ್ಲು ಹಾಕಬೇಕು ಎಂದು.

ಮೀನಿನ ಕಿವಿರಿನಿಂದ ಬರುವ, ತಿಂದು ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಎರಡಕ್ಕೂ ಬೇಕಾದದ್ದು ಆಮ್ಲಜನಕ ಮತ್ತು ಅಂಟಿಕೊಳ್ಳಲು ಒಂದಿಷ್ಟು ಜಾಗ. ಪ್ಲಾಸ್ಟಿಕ್ ಚೆಂಡಾದರೂ ಸರಿ, ಸ್ಪಂಜಾದರೂ ಸರಿ. ತೊಡಕು ಇರುವುದು ಮುಂದಿನ ಹಂತದಲ್ಲಿ. ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಗಟ್ಟುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಇಲ್ಲದ ಜಾಗ ಬೇಕು. ಅಂಥ ಜಾಗ ಸಿಗುವುದು ರಂಧ್ರಮಯ ಕಲ್ಲಿನ ಹೊಟ್ಟೆಯೊಳಗೆ, ನೀರು ತೆವಳಿಕೊಂಡು ಹೋಗುವಲ್ಲಿ.

ಕಲ್ಲನ್ನು ಕೈಗೆತ್ತಿಕೊಂಡು ನೋಡಿ. ಗಾತ್ರಕ್ಕೆ ಹಗುರವಾಗಿರಬೇಕು. ಒಣಗಿದ ಮೇಲ್ಮೈಗೆ ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರಿಕೊಳ್ಳಬೇಕು. ಹನಿ ಹಾಗೇ ಜಾರಿ ಹೋದರೆ ಆ ಕಲ್ಲು ಅಲಂಕಾರಕ್ಕೆ ಮಾತ್ರ. 200 ಲೀಟರ್ ತೊಟ್ಟಿಗೆ ಸುಮಾರು 20ರಿಂದ 25 ಕಿಲೋ ಎಂಬುದು ಹಳೆಯ ಲೆಕ್ಕ. ಕಲ್ಲು ತುಂಬ ಹಗುರವಾಗಿದ್ದರೆ ಅಷ್ಟು ಬೇಡ. ಗೋಡೆಯ ಹಾಗೆ ಒತ್ತಾಗಿ ಪೇರಿಸಬೇಡಿ, ಹಿಂದೆ ಮುಂದೆ ನೀರು ಹರಿಯಲಿ. ಪಂಪುಗಳೆಲ್ಲ ಸೇರಿ ಗಂಟೆಗೆ ತೊಟ್ಟಿಯ ನೀರನ್ನು 20 ಸಲವಾದರೂ ಓಡಾಡಿಸಬೇಕು.

ಸಮುದ್ರದಿಂದ ತಂದ ಜೀವಂತ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ; ಜೊತೆಗೆ ಐಪ್ಟೇಸಿಯಾದಂಥ ಕಾಟದ ಪ್ರಾಣಿಗಳೂ ಬರಬಹುದು. ಒಣ ಕಲ್ಲಿಗೆ ಆ ಭಯವಿಲ್ಲ, ತಾಳ್ಮೆ ಮಾತ್ರ ಹೆಚ್ಚು ಬೇಕು.

ಇನ್ನು ಬಯೋ ಬಾಲ್, ಅಂದರೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಫಿಲ್ಟರಿನಲ್ಲಿ ತುಂಬುವ ಪ್ಲಾಸ್ಟಿಕ್ ಚೆಂಡು. ಅದು ನೈಟ್ರೇಟ್ ಕಾರ್ಖಾನೆ ಎಂದು ಬಯ್ಯುವವರು ಬಹಳ. ಚೆಂಡು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಅರ್ಧ ಕೆಲಸ. ಅದರ ಸಂದಿಯಲ್ಲಿ ಹೊಲಸು ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತದೆ. ಪಂಪಿನಿಂದ ನೀರು ಹಾಯಿಸುವ ಮುಚ್ಚಿದ ಡಬ್ಬಿಯಾದ ಕ್ಯಾನಿಸ್ಟರ್ ಫಿಲ್ಟರಿನ ಕತೆಯೂ ಅದೇ. ವಾರಕ್ಕೋ ಎರಡು ವಾರಕ್ಕೋ ಬಿಚ್ಚಿ ತೊಳೆಯುವವರಿಗೆ ಮಾತ್ರ ಅದು ಸರಿ. ಗಾಳಿಯಾಡದ್ದರಿಂದ ಕರೆಂಟು ಹೋಗಿ ಗಂಟೆಗಟ್ಟಲೆ ನಿಂತರೆ ಒಳಗಿನ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯುತ್ತದೆ. ಕರೆಂಟು ಬಂದೊಡನೆ ಆ ಕೆಟ್ಟ ನೀರೆಲ್ಲ ತೊಟ್ಟಿಗೆ. ಮರುಚಾಲನೆಗೆ ಮುನ್ನ ಒಳಗಿನ ನೀರು ಚೆಲ್ಲಿ. ಫಿಲ್ಟರಿನೊಳಗಿನ ಸ್ಪಂಜು, ಚೆಂಡುಗಳನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಇದ್ದರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಗಾಗಿ ಕಲ್ಲಿನ ಜೊತೆಗೆ ನಾನು ಸೂಚಿಸುವುದು ಪ್ರೋಟೀನ್ ಸ್ಕಿಮ್ಮರ್. ಹೊಲಸು ಅಮೋನಿಯಾ ಆಗುವ ಮುನ್ನವೇ ಅದನ್ನು ನೊರೆಯಲ್ಲಿ ಎತ್ತಿ ಹಾಕುತ್ತದೆ.

ಒಣ ಕಲ್ಲಿನಿಂದ ತೊಟ್ಟಿ ಪಳಗಿಸುವುದು, ಅಂದರೆ ಮೀನು ಬಿಡುವ ಮೊದಲು ಬ್ಯಾಕ್ಟೀರಿಯಾ ನೆಲೆಗೊಳಿಸುವುದು, ಹೀಗೆ: ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್. ದೀಪ ಬೇಡ, ಹಚ್ಚಿದರೆ ಪಾಚಿಯೇ ಮೊದಲ ಬೆಳೆ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಂ ಕ್ಲೋರೈಡ್ ಬೆರೆಸಿ ಅಮೋನಿಯಾವನ್ನು 2 ಪಿಪಿಎಮ್‌ಗೆ (ಹತ್ತು ಲಕ್ಷಕ್ಕೆ ಎರಡು ಭಾಗ) ತನ್ನಿ. ಅದು ಸೊನ್ನೆಗೆ ಇಳಿದ ಮೇಲೆ ಮತ್ತೆ 2 ಪಿಪಿಎಮ್ ಹಾಕಿ. 24 ಗಂಟೆಯೊಳಗೆ ಸೊನ್ನೆಯಾದರೆ ಒಂದು ಮೀನು ಬಿಡಬಹುದು. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಈ ನಡುವೆ ನೈಟ್ರೇಟ್ ಪರೀಕ್ಷೆ ಆಕಾಶಕ್ಕೇರಿದರೆ ಗಾಬರಿ ಬೇಡ, ನೀರಿನಲ್ಲಿ ನೈಟ್ರೈಟ್ ಇದ್ದಾಗ ಆ ಕಿಟ್ ಸುಳ್ಳು ಹೇಳುತ್ತದೆ.

ಈಗಾಗಲೇ ಬಯೋ ಬಾಲ್ ಇರುವವರು ಒಮ್ಮೆಗೇ ತೆಗೆಯಬೇಡಿ. ಕಲ್ಲು ಸಾಕಷ್ಟಿದ್ದರೆ ವಾರಕ್ಕೆ ಕಾಲು ಭಾಗದಂತೆ ತೆಗೆಯಿರಿ, ಪ್ರತಿ ಸಲ ಎರಡು ದಿನ ಬಿಟ್ಟು ಅಮೋನಿಯಾ ನೋಡಿ. ಸ್ವಲ್ಪ ಕಂಡರೂ ಆ ವಾರಕ್ಕೆ ಅಲ್ಲಿಗೇ ನಿಲ್ಲಿಸಿ.

ನಮಸ್ಕಾರ.