ಊರ ಗಾಯರಾಣ

ಕೇಳುಗರಿಗೆ ಶರಣು ಶರಣಾರ್ಥಿ.

ನಿಮ್ಮೂರಿನ ಗಾಯರಾಣ, ಅಂದರೆ ದನ ಮೇಯಲು ಬಿಟ್ಟ ಊರ ನೆಲ, ಎಷ್ಟು ಎಕರೆ ಅಂತ ಯಾರಾದರೂ ಕೇಳಿದರೆ ಹೇಳಬಲ್ಲಿರಾ? ಸ್ವಂತ ಹೊಲದ ಗುಂಟೆ ಗುಂಟೆಯ ಲೆಕ್ಕ ನಮಗೆ ಬಾಯಿಪಾಠ. ಒಂದು ಮೊಳ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಊರಿಗೆಲ್ಲ ಸೇರಿದ ನೆಲದ ಸರ್ವೆ ನಂಬರು ಮಾತ್ರ ಕಟ್ಟೆಯ ಮೇಲೆ ಕುಳಿತ ಹತ್ತು ಜನರಲ್ಲಿ ಒಬ್ಬರಿಗೂ ನೆನಪಿರುವುದಿಲ್ಲ.

ಕಾನೂನಿಗೆ ನೆನಪಿದೆ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಮೀಸಲಿಡಬೇಕು. ಊರಲ್ಲಿ 400 ದನ ಇದ್ದರೆ 120 ಎಕರೆ. ಆದರೆ ಈ ಲೆಕ್ಕವೇ ಈಗ ನಮಗೆ ತಿರುಗುಬಾಣವಾಗಿದೆ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ನಮ್ಮ ಬೀದರ ಸೀಮೆಯ ಹೆಮ್ಮೆಯ ದೇವಣಿ ತಳಿ, ಹಾಲಿಗೂ ಸೈ ಗಳೆಕ್ಕೂ ಸೈ ಅನ್ನಿಸಿಕೊಂಡ ದನ, ಕೆಲವೇ ಮನೆಗಳ ಅಂಗಳದಲ್ಲಿ ಉಳಿದಿದೆ. ದನ ಕಡಿಮೆಯಾದಷ್ಟೂ ಕಾಗದದ ಮೇಲೆ ಗಾಯರಾಣ ‘ಹೆಚ್ಚುವರಿ’ ಆಗುತ್ತದೆ. ಆಮೇಲೆ ಶಾಲೆ ಕಟ್ಟಲಿಕ್ಕೂ ಗಾಯರಾಣ, ಗೋದಾಮಿಗೂ ಗಾಯರಾಣ, ಊರ ಕಸ ಸುರಿಯಲಿಕ್ಕೂ ಗಾಯರಾಣ.

“ದನಾನೇ ಉಳದಿಲ್ಲ, ಗಾಯರಾಣ ತಗೊಂಡು ಏನ್ ಮಾಡ್ಬೇಕ್ರೀ?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹುಡುಕಲು ಬೀದರಿನ ಮಡ್ಡಿಯ ಕಡೆ, ಅಂದರೆ ಎತ್ತರದ ಕಲ್ಲುನೆಲದ ಕಡೆ, ನೋಡೋಣ.

ಬೀದರ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಆ ಕಲ್ಲಿನ ತುಂಬ ತೂತು. ಬಿದ್ದ ಮಳೆ ಅದರೊಳಗೆ ಇಳಿಯುತ್ತದೆ, ಕೆಳಗಿನ ಜೇಡಿ ಪದರ ಮತ್ತು ಕಪ್ಪು ಕಲ್ಲಿಗೆ ಬಂದು ತಡೆಯುತ್ತದೆ, ಅಡ್ಡಡ್ಡ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡುತ್ತೇವಲ್ಲ, ನಾನಕ ಝೀರಾದಲ್ಲಿ ಕೈಯೊಡ್ಡಿ ತೀರ್ಥ ಕುಡಿಯುತ್ತೇವಲ್ಲ, ಆ ನೀರಿನ ಹುಟ್ಟು ಮೇಲಿನ ಮಡ್ಡಿಯಲ್ಲಿ. ಬಹಮನಿಯರ ಕಾಲದವರಿಗೆ ಇದು ತಿಳಿದಿತ್ತು. ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಕಿಂಡಿಗಳನ್ನು ಬಿಟ್ಟು, ಇಳಿಜಾರಿನ ಬಲದಿಂದಲೇ ನೀರು ತಂದರು. ಕರೇಜ್ ಅಂತ ಈಗ ನೋಡಲು ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಸುರಂಗವನ್ನು ಎಷ್ಟು ಸ್ವಚ್ಛ ಮಾಡಿದರೂ ಮೇಲಿನ ನೆಲವನ್ನು ಮುಚ್ಚಿಬಿಟ್ಟರೆ ಒಳಗೆ ಇಳಿಯುವುದೇನು?

ಬೀದರಿನ ಸುತ್ತ ಹಳ್ಳಿಗಳ ಮಡ್ಡಿಗೂ ಇದೇ ಮಾತು. ಏನೂ ಬೆಳೆಯುವುದಿಲ್ಲ ಅಂತ ಬಿಟ್ಟ ನೆಲ ಕೆಳಗಿನ ಹೊಲದ ಬಾವಿಗೆ ನೀರುಣಿಸುತ್ತಿರುತ್ತದೆ. ಅದನ್ನು ಮೊರಂಗಾಗಿ, ಅಂದರೆ ಗರಸು ಮಣ್ಣಿಗಾಗಿ, ಅಗೆದು ಟಿಪ್ಪರ್ ತುಂಬಿಸಿ ಕಳಿಸಿದ ಮೇಲೆ ಬೋರ್ ಬತ್ತಿತು ಅಂತ ದೇವರನ್ನು ದೂರುವುದು ಸರಿಯಲ್ಲ.

ಇನ್ನು ಮಡ್ಡಿಯ ಬೆಳೆ. ಸೀತಾಫಲ, ಬಾರಿ ಹಣ್ಣು, ಕವಳಿ ಹಣ್ಣು, ಊಟದ ಎಲೆ ಹಚ್ಚಲು ಮುತ್ತಲ, ಮಳೆಗಾಲದ ತಪ್ಪಲುಪಲ್ಲೆ. ಇವು ಯಾವ ಪಹಣಿಯಲ್ಲೂ ಬರುವುದಿಲ್ಲ, ಆದರೆ ಹೊಲವಿಲ್ಲದ ಮನೆಗೆ ಇವೇ ಬೆಳೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿ, ತಿಳಿವಳಿಕೆಯ ದಾಖಲೆ ಪುಸ್ತಕ ಇರಬೇಕು ಅನ್ನುತ್ತದೆ. ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ ನೋಡಿ. ಇದ್ದರೆ ಓದಿಸಿ ಕೇಳಿ. ದನ ಕಾಯುವವರನ್ನೂ ಸೂಲಗಿತ್ತಿಯರನ್ನೂ ಕೇಳದೆ ಬರೆದ ಪುಸ್ತಕವಾದರೆ ಎರಡೇ ಪುಟದಲ್ಲಿ ಗೊತ್ತಾಗುತ್ತದೆ.

ಮೊದಲು ಊರಿಗೆ ಕಟ್ಟಳೆ ಇತ್ತು. ಬೆಳೆಗೆ ನುಗ್ಗಿದ ದನ ಕೊಂಡವಾಡಕ್ಕೆ, ಅಂದರೆ ಊರ ದನದ ದೊಡ್ಡಿಗೆ, ಹೋಗುತ್ತಿತ್ತು, ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ದನ ಕಾಯುವವನಿಗೆ ರಾಶಿಯ ಹೊತ್ತಿಗೆ ಜೋಳ ಅಳೆಯುತ್ತಿದ್ದರು. ಆ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ಕಟ್ಟಳೆ ಮಾಡುತ್ತಿದ್ದವರು ಗೌಡರು, ಪಾಲಿಸಬೇಕಾದವರು ಕೇರಿಯವರು. ಊರ ಬಾವಿಯ ಹಗ್ಗ ಮುಟ್ಟಲಾಗದವರಿಗೆ ಊರ ಆಸ್ತಿ ಅನ್ನುವ ಮಾತೇ ಕುಹಕ. ಆದರೂ ನೆಲಕ್ಕೊಂದು ಕಟ್ಟಳೆ, ಮುರಿದವರಿಗೊಂದು ದಂಡ ಇರಬೇಕೆಂಬುದು ಸರಿಯೇ ಇತ್ತು. ಎಲಿನರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಸ್ಪೇನಿನ ಕಾಲುವೆ, ಜಪಾನಿನ ಊರ ಕಾಡು ಇವನ್ನೆಲ್ಲ ಅಭ್ಯಾಸ ಮಾಡಿ ಹೇಳಿದ್ದೂ ಇದನ್ನೇ: ಬಳಸುವವರೇ ಕೂತು ನಿಯಮ ಮಾಡಿ, ತಾವೇ ಕಾವಲಿದ್ದು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡ ದಂಡ ಹಾಕಿದ ಕಡೆ ಸಾಮೂಹಿಕ ಆಸ್ತಿ ಶತಮಾನಗಟ್ಟಲೆ ಉಳಿದಿದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಣ್ಣುಮಗಳು.

ಹಾಗಾದರೆ ಗಾಯರಾಣಕ್ಕೆ ಬೇಲಿ ಹಾಕಿ ಮೇಯಿಸುವುದನ್ನು ನಿಷೇಧಿಸಿದರೆ ಮುಗಿಯಿತೇ? ಇಲ್ಲೇ ಅನೇಕ ಯೋಜನೆಗಳು ಎಡವಿದ್ದು. ಹೊಲ ಇದ್ದವರಿಗೆ ಜೋಳದ ಕಣಿಕಿ ಇದೆ, ಹೊಟ್ಟಿದೆ. ನಾಲ್ಕು ಆಡು ಸಾಕಿಕೊಂಡು ಮಗಳನ್ನು ಕಾಲೇಜಿಗೆ ಕಳಿಸುವ ತಾಯಿಗೆ ಆ ಮಡ್ಡಿ ಬಿಟ್ಟರೆ ಬೇರೆ ನೆಲವಿಲ್ಲ. ಅವಳನ್ನು ಕೇಳದೆ ಬೇಲಿ ಹಾಕಿದರೆ ಅವಳೇ ಬೇಲಿ ಕೀಳುತ್ತಾಳೆ, ನಾನಾದರೂ ಅದನ್ನೇ ಮಾಡಿಯೇನು. ನೆಲವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಮಾತ್ರ ಮುಂಗಾರಿನಿಂದ ದೀಪಾವಳಿ ದಾಟುವ ತನಕ ಮೇಯಿಸದೆ ಬಿಟ್ಟರೆ ಹುಲ್ಲು ತೆನೆ ಹಾಕಿ ಬೀಜ ಉದುರಿಸುತ್ತದೆ. ಆಮೇಲೆ ಕುಡಗೋಲಿನಿಂದ ಕೊಯ್ದು ಒಯ್ಯಲಿ. ಉಳಿದ ಎರಡು ಪಾಲಿನಲ್ಲಿ ಆಡು ಮೇಯಲಿ. ಕುರಿ ಹಿಂಡು ತರುವ ಹಾಲುಮತದವರನ್ನೂ ಆ ಸಭೆಗೆ ಕರೆಯಬೇಕು. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವಾಗ ಬೇಕಾದವರು ಹುಲ್ಲಿನ ಮಾತು ಬಂದಾಗ ಪರಊರಿನವರು ಆಗಬಾರದು.

ಒತ್ತುವರಿಯ ಮಾತು ಕಹಿ. ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಪಂಚಾಯಿತಿಗೆ ಮರಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದಿತು. ಅದೇ ತೀರ್ಪು ಭೂಹೀನ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರಕಾರವೇ ಕೊಟ್ಟ ಭೂಮಿಯಂಥ ಸಂದರ್ಭಗಳಿಗೆ ವಿನಾಯಿತಿಯ ದಾರಿಯನ್ನೂ ಬಿಟ್ಟಿದೆ. ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ನಮೂನೆ 50, 53, 57ರ ಅರ್ಜಿ ಹಿಡಿದು ತಹಶೀಲ ಕಚೇರಿಗೆ ಅಲೆಯುವ ಎರಡೆಕರೆಯವನನ್ನೂ ರಾತ್ರೋರಾತ್ರಿ ಪ್ಲಾಟು ಹಾಕುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪಿಗೆಯಿಲ್ಲ. ಯಾರು ಯಾರೆಂಬುದು ಊರಿಗೆ ಗೊತ್ತೇ ಇರುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಗಾಯರಾಣದ ಸರ್ವೆ ನಂಬರು, ವಿಸ್ತೀರ್ಣ ಓದಿ ಹೇಳಿರಿ ಅಂತ ಕೇಳಿರಿ. ಭೂಮಾಪಕರನ್ನು ಕರೆಸಿ ಮೂಲೆಗಲ್ಲು ನೆಡಿಸಿರಿ. ಆಮೇಲೆ ಹುಲ್ಲಿಗೆ ಜಾಗ ಬಿಡದೆ ಹಬ್ಬುವ ಮುಳ್ಳುಗಿಡ ಬಳ್ಳಾರಿ ಜಾಲಿಯ ಸರದಿ. ಅದನ್ನು ಕಡಿದರೆ ಸಾಲದು, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಬೇಕು. ಕಾಯಿ ತಿಂದ ಆಡಿನ ಹಿಕ್ಕೆಯಲ್ಲೂ ಬೀಜ ಹರಡುವುದರಿಂದ ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು. ಮೊದಲ ಮಳೆಗೆ ನೆಲ ಮೆತ್ತಗಾದಾಗ ಸಣ್ಣ ಗಿಡ ಕೈಗೇ ಬರುತ್ತದೆ, ದೊಡ್ಡದಕ್ಕೆ ಜೆಸಿಬಿ ಬೇಕು. ಅದರ ಬಾಡಿಗೆ ಯಾರು ಕೊಡಬೇಕೆಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ ಠರಾವು ಬರೆಸಿರಿ.

ನಮಸ್ಕಾರ.