ಬಂಕಿನವರೆಗೆ ಒಂದು ದಾರಿ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಮ ಬೀಳುವ ಊರುಗಳ ರಸ್ತೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ರಸ್ತೆ ಎಂಜಿನಿಯರ್. ಕೆಲಸದ ಬಹುಪಾಲು ವರ್ಷ ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿ ಕಳೆದವನು. ಈಗ ರೇಡಿಯೋ ಹಾಕಿಕೊಂಡು ಕೂತವರಲ್ಲಿ ಎಷ್ಟೋ ಜನರ ಮಕ್ಕಳು ಆ ಕಡೆ ಇರಬಹುದು. ಜನವರಿ ಬಂತೆಂದರೆ ನಿಮ್ಮ ಫೋನಿಗೆ ಬಿಳೀ ಬೀದಿಯ ವಿಡಿಯೋ ಬರುತ್ತದೆ. ಅದರಲ್ಲಿ ಕಾರುಗಳ ಪಕ್ಕದಲ್ಲೇ ಗುಡುಗುಡು ಅಂತ ಹೋಗುವ ಗಾಡಿಯೊಂದನ್ನು ನೋಡಿರುತ್ತೀರಿ. ಅದೇ ಸ್ನೋಮೊಬೈಲ್. ಗುಲ್ಮಾರ್ಗಕ್ಕೋ ಮನಾಲಿಯ ಸೋಲಾಂಗ್ ಕಣಿವೆಗೋ ಪ್ರವಾಸ ಹೋದವರು ದುಡ್ಡು ಕೊಟ್ಟು ಅದರ ಮೇಲೆ ಒಂದು ಸುತ್ತು ಹೊಡೆದೂ ಇರುತ್ತೀರಿ.

ಈ ಗಾಡಿಯನ್ನು ಊರೊಳಗಿನ ಬೀದಿಗೆ ಬಿಡಬೇಕೋ ಬೇಡವೋ ಅಂತ ಅಲ್ಲಿನ ಊರೂರಿನಲ್ಲೂ ಜಗಳ. ಪ್ರತಿ ಚಳಿಗಾಲಕ್ಕೂ ಶುರುವಾಗುತ್ತದೆ. ನನ್ನ ಉತ್ತರ ಒಂದೇ, ಇವತ್ತು ಅದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಊರೆಲ್ಲ ಬಿಡಬೇಡಿ. ಪೂರ್ತಿ ತಡೆಯಲೂ ಬೇಡಿ. ಪೆಟ್ರೋಲ್ ಬಂಕಿನವರೆಗೆ ಒಂದು ದಾರಿ ಕೊಡಿ, ಸಾಕು.

ಯಾಕೆ ಅನ್ನುವುದು ಗಾಡಿಯನ್ನು ನೋಡಿದರೆ ಗೊತ್ತಾಗುತ್ತದೆ. ಮುಂದೆ ಎರಡು ಸ್ಕೀ, ಅಂದರೆ ಮೂತಿ ಮೇಲೆ ಬಾಗಿದ ಉದ್ದನೆಯ ಹಲಗೆ. ಹಿಂದೆ ಚಕ್ರ ಇಲ್ಲ, ಸುತ್ತುವ ಅಗಲ ರಬ್ಬರ್ ಪಟ್ಟಿ. ತೂಕ ಸುಮಾರು 250 ಕಿಲೋ. ಬ್ರೇಕ್ ಹಿಡಿಯುವುದು ಹಿಂದಿನ ಪಟ್ಟಿಯನ್ನು ಮಾತ್ರ, ಮುಂದಿನ ಸ್ಕೀಗಳಿಗೆ ಬ್ರೇಕೇ ಇಲ್ಲ. ಹಿಮದ ಮೇಲಾದರೆ ಸ್ಕೀ ಕಚ್ಚಿಕೊಳ್ಳುತ್ತದೆ, ಹ್ಯಾಂಡಲ್ ತಿರುಗಿಸಿದ ಕಡೆ ಗಾಡಿ ತಿರುಗುತ್ತದೆ. ಬರೀ ಡಾಂಬರಿನ ಮೇಲೆ ಕಚ್ಚಲು ಏನಿದೆ? ಸ್ಕೀ ಅಡಿಯಲ್ಲಿರುವ ಕಾರ್ಬೈಡ್ ಎಂಬ ಗಡಸು ವಸ್ತುವಿನ ಪಟ್ಟಿ ಕಿಡಿ ಹಾರಿಸಿಕೊಂಡು ಜಾರುತ್ತದೆ. ನೀವು ಎಡಕ್ಕೆ ತಿರುಗಿಸಿದರೂ ಅದು ನೇರ ಹೋಗಬಹುದು.

ಇನ್ನೂ ಇದೆ. ಈ ಗಾಡಿಗಳಲ್ಲಿ ಎಷ್ಟೋ ಎಂಜಿನ್ನುಗಳು ತಂಪಾಗುವುದೇ ಹಿಮದಿಂದ. ಪಟ್ಟಿ ಸುತ್ತುವಾಗ ಹಿಮವನ್ನು ಮೇಲಕ್ಕೆ ಎರಚುತ್ತದೆ, ಅದು ಸೀಟಿನ ಕೆಳಗಿರುವ ರೇಡಿಯೇಟರಿಗೆ ಬಡಿಯುತ್ತದೆ. ಪಟ್ಟಿಯ ಒಳಗಿನ ಪ್ಲಾಸ್ಟಿಕ್ ಹಳಿಗಳಿಗೂ ಹಿಮವೇ ಎಣ್ಣೆ. ಹಿಮ ಇಲ್ಲದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ, ಎಂಜಿನ್ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಪಟ್ಟಿಗೆ ಮೊಳೆ ಹೊಡೆಸಿಕೊಂಡವರಾದರೆ ಡಾಂಬರೂ ಕಿತ್ತು ಬರುತ್ತದೆ. ನಮ್ಮ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕೇಜ್ ವೀಲ್, ಅಂದರೆ ಕಬ್ಬಿಣದ ಪಟ್ಟಿಗಳ ಚಕ್ರ ಹಾಕುತ್ತಾರಲ್ಲ, ಹಾಗೆ. ಕೆಸರಿನಲ್ಲಿ ಅದಿಲ್ಲದೆ ಕೆಲಸ ಸಾಗದು. ಅದೇ ಚಕ್ರದಲ್ಲಿ ಡಾಂಬರು ರಸ್ತೆಗೆ ಬಂದರೆ ಊರವರು ಸುಮ್ನೆ ಬಿಡುತ್ತಾರಾ?

ಹಾಗಾದರೆ ಮುಚ್ಚಿಬಿಡಿ, ಕಾಡಿನಲ್ಲೇ ಓಡಿಸಿಕೊಳ್ಳಲಿ ಅನ್ನುತ್ತೀರಿ. ಅಲ್ಲೂ ಒಂದು ತೊಡಕು ಇದೆ. ಮಿಶಿಗನ್ನಿನಲ್ಲಿ ಸ್ನೋಮೊಬೈಲಿಗೆಂದೇ ಗುರುತು ಮಾಡಿದ ಹಾದಿ ಸುಮಾರು 10,000 ಕಿಲೋಮೀಟರ್ ಇದೆ. ಡಿಸೆಂಬರ್ 1ಕ್ಕೆ ತೆರೆಯುತ್ತದೆ, ಮಾರ್ಚ್ 31ಕ್ಕೆ ಮುಚ್ಚುತ್ತದೆ. ಎಷ್ಟೋ ಕಡೆ ಹಳೇ ರೈಲು ಹಳಿ ಕಿತ್ತ ಜಾಗವೇ ಈಗ ಈ ಹಾದಿ. ಸವಾರರು ದಿನವಿಡೀ ಕಾಡೊಳಗೆ ಓಡಿಸುತ್ತಾರೆ. ಸಂಜೆಗೆ ಪೆಟ್ರೋಲ್ ಬೇಕು, ಬಿಸಿ ಊಟ ಬೇಕು, ಹಾಸಿಗೆ ಬೇಕು. ಮೂರೂ ಇರುವುದು ಊರೊಳಗೆ. ಅಂದರೆ ಇಷ್ಟೆಲ್ಲಾ ಜಗಳ ಆ ಕೊನೆಯ ಒಂದು ಕಿಲೋಮೀಟರಿನದು. ಆ ಒಂದು ಕಿಲೋಮೀಟರಿಗೆ ಒಂದು ದಾರಿ ಸಾಕು. ಎರಡನೇ ಸಲ ಹೇಳಿದೆ.

ಈ ಗಾಡಿಗೂ ರಸ್ತೆಗೂ ಇರುವ ಸಂಬಂಧ ಹಳೆಯದು, ಅದನ್ನು ಹೇಳದೆ ಮುಂದೆ ಹೋಗಲಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಒಡೆಯಿತು. ರಸ್ತೆಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಹುಚ್ಚು ಅವನಿಗೆ ಮೊದಲೇ ಇತ್ತು, ಆಮೇಲೆ ಬಿಡಲೇ ಇಲ್ಲ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಮುಚ್ಚಿದ ಗಾಡಿ ಮಾಡಿ ಮಾರಿದ. ಡಾಕ್ಟರು, ಅಂಚೆಯವರು ಅದರಲ್ಲೇ ಓಡಾಡಿದರು, ಶಾಲೆ ಮಕ್ಕಳನ್ನೂ ಅದರಲ್ಲೇ ಕರೆದೊಯ್ದರು. ಗಮನಿಸಿ, ಅವೆಲ್ಲ ಓಡಿದ್ದು ಊರಿನ ರಸ್ತೆಗಳಲ್ಲೇ. ರಸ್ತೆಯ ಮೇಲೆ ಹಿಮ ಇತ್ತು, ಅದಕ್ಕೇ ಓಡಿದವು.

1948ರಲ್ಲಿ ಕ್ವಿಬೆಕ್ ಸರ್ಕಾರ ರಸ್ತೆಗಳ ಹಿಮ ತೆಗೆಯಲೇಬೇಕು ಅಂತ ಕಾನೂನು ಮಾಡಿತು. ಬೊಂಬಾರ್ಡಿಯರನ ವ್ಯಾಪಾರ ದಬ್ಬನೆ ಬಿತ್ತು. ಆಮೇಲೆ ಅವನು ಬೇರೆ ಬೇರೆ ಯಂತ್ರ ಮಾಡಿದ, 1959ರಲ್ಲಿ ಒಬ್ಬಿಬ್ಬರು ಕೂರುವ ಸಣ್ಣ ಗಾಡಿ ತಂದ. ಅದೇ ಸ್ಕೀ-ಡೂ. ರಸ್ತೆಯಿಂದ ಹಿಮ ಹೋಯಿತು, ಗಾಡಿಯೂ ರಸ್ತೆ ಬಿಟ್ಟು ಕಾಡಿಗೆ ಹೋಯಿತು.

ಈಗ ನನ್ನ ಇಷ್ಟದ ಪ್ರಸಂಗ. ಇದನ್ನು ಹೇಳುವುದಕ್ಕೇ ನಾನು ಈ ಕಾರ್ಯಕ್ರಮಕ್ಕೆ ಒಪ್ಪಿದ್ದು.

ಸುಪೀರಿಯರ್ ಸರೋವರದ ದಂಡೆಯ ಕಡೆ ಒಂದು ಸಣ್ಣ ಊರು. ಹೆಸರು ಬೇಡ. ಆ ಸೀಮೆಯಲ್ಲಿ ಹಿಮ ಅಂದರೆ ಹೇಗಿರುತ್ತದೆ ಕೇಳಿ. ಅಲ್ಲಿನ ಕೀವೀನಾ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, 1978-79ರ ಚಳಿಗಾಲದಲ್ಲಿ ಬಿದ್ದ ಹಿಮ 390.4 ಇಂಚು. ಅಂದರೆ 32 ಅಡಿಗೂ ಜಾಸ್ತಿ. ಅಂಥ ಸೀಮೆಯ ಊರಿನ ಪುರಸಭೆಯಲ್ಲಿ ಸಭೆ ಕರೆದರು. ಎಲ್ಲಾ ಬೀದಿಗಳನ್ನೂ ಸ್ನೋಮೊಬೈಲಿಗೆ ತೆರೆಯಬೇಕು ಅನ್ನುವುದು ಪ್ರಸ್ತಾಪ. ನಾನು ನಕ್ಷೆ ಹಿಡಿದುಕೊಂಡು ಮೂಲೆಯ ಮೇಜಿನಲ್ಲಿ ಕೂತಿದ್ದೆ. ಅಲ್ಲಿನ ಪದ್ಧತಿ ಚೆನ್ನಾಗಿದೆ, ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಮೂರೇ ನಿಮಿಷ. ನಮ್ಮಲ್ಲೂ ಬರಬೇಕು ಅದು.

ಮೊದಲು ಎದ್ದವರು ಮೋಟೆಲ್ ನಡೆಸುವ ಅಮ್ಮ. "ಹಾದಿ ಊರ ಹಿಂದೆಯೇ ಹೋಗುತ್ತದೆ, ಆದರೆ ನನ್ನ ಬಾಗಿಲಿಗೆ ಬರುವಂತಿಲ್ಲ. ಪಕ್ಕದ ಊರಿನಲ್ಲಿ ಬಾಗಿಲ ಮುಂದೆಯೇ ಗಾಡಿ ನಿಲ್ಲಿಸಬಹುದು, ಜನ ಅಲ್ಲಿಗೇ ಹೋಗುತ್ತಾರೆ. ಚಳಿಗಾಲದಲ್ಲಿ ನನ್ನ ಕೋಣೆಗಳೆಲ್ಲ ಖಾಲಿ. ನೀವು ತೆರಿಗೆ ಮಾತ್ರ ಬಿಡುವುದಿಲ್ಲ" ಅಂದರು. ಚಪ್ಪಾಳೆ ಬಿತ್ತು.

ಆಮೇಲೆ ಒಬ್ಬರು ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಸಭೆಗೆ ಬಂದಿದ್ದರು, ಕಣ್ಣು ಕೆಂಪಗಿತ್ತು. "ನಾನು ಹಗಲು ಮಲಗುವವಳು. ನನ್ನ ಕಿಟಕಿಯ ಕೆಳಗೆ ಹತ್ತು ಹತ್ತು ಗಾಡಿ ಒಟ್ಟಿಗೆ ಹೋದರೆ ನಾನು ಯಾವಾಗ ನಿದ್ದೆ ಮಾಡಲಿ? ನಿದ್ದೆ ಇಲ್ಲದ ನರ್ಸ್ ನಿಮಗೆ ಸೂಜಿ ಚುಚ್ಚಬೇಕಾ?" ಅದಕ್ಕೂ ಚಪ್ಪಾಳೆ. ಅಲ್ಲಿನವರು ಎರಡೂ ಕಡೆಗೆ ಚಪ್ಪಾಳೆ ಹೊಡೆಯುತ್ತಾರೆ.

ಮತ್ತೊಬ್ಬರು ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವ ವಿಷಯ ಎತ್ತಿದರು. ಒಬ್ಬ ಹುಡುಗ ಎದ್ದು ಇದು ನಮ್ಮ ಸಂಸ್ಕೃತಿ, ನಮ್ಮ ಸ್ವಾತಂತ್ರ್ಯ ಅಂತ ಶುರು ಮಾಡಿದ. ಈ ಎರಡು ಪದ ಬಂದರೆ ನನಗೆ ಅಲ್ಲೇ ತಲೆನೋವು. ರಸ್ತೆಯ ಪ್ರಶ್ನೆಗೆ ರಸ್ತೆಯಲ್ಲೇ ಉತ್ತರ ಹುಡುಕಬೇಕು. ಇರಲಿ. ಕೂಗಾಟ ಜೋರಾಯಿತು. ಅಧ್ಯಕ್ಷರು ಮೇಜು ಕುಟ್ಟಿ ಕುಟ್ಟಿ ಸುಸ್ತಾದರು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಹಿಮ ತಳ್ಳುವ ಲಾರಿಯ ಡ್ರೈವರ್, ವಯಸ್ಸಾದವರು. ಕಿವಿ ಮುಚ್ಚುವ ಟೋಪಿ, ಮೊಣಕಾಲವರೆಗೆ ಬೂಟು. "ನಾನು ರಾತ್ರಿ ಮೂರಕ್ಕೆ ಎದ್ದು ಈ ಬೀದಿಗಳನ್ನು ಕೆರೆಯುತ್ತೇನೆ. ಕಪ್ಪು ಡಾಂಬರು ಕಾಣುವ ತನಕ ಕೆರೆ, ಉಳಿದ ಹಿಮ ಕರಗಲು ಉಪ್ಪು ಹಾಕು ಅಂತ ನೀವೇ ಹೇಳಿದ್ದೀರಿ. ಈಗ ಇವರು ಓಡಿಸಬೇಕು ಅಂತೀರಿ. ಯಾವುದರ ಮೇಲೆ ಓಡಿಸುತ್ತಾರೆ? ಯಾವ ಬೀದಿಯನ್ನು ಬಿಳಿಯಾಗಿ ಬಿಡಬೇಕು, ಅದನ್ನು ಹೇಳಿ. ಬಿಡುತ್ತೇನೆ. ಎಲ್ಲಾ ಬೀದಿ ಬಿಡು ಅಂದರೆ ಆಗುವುದಿಲ್ಲ, ನಾಳೆ ಆಂಬುಲೆನ್ಸ್ ಹೂತುಕೊಂಡರೆ ನನ್ನನ್ನೇ ಬೈಯುತ್ತೀರಿ" ಅಂದರು. ಮೂರು ನಿಮಿಷ ಎಲ್ಲಿ, ಅವರ ಮಾತು ಒಂದು ನಿಮಿಷಕ್ಕೇ ಮುಗಿಯಿತು.

ಕೇಳಿದಿರಾ? ಇಡೀ ಎಂಜಿನಿಯರಿಂಗ್ ಆ ಮಾತಿನಲ್ಲಿದೆ. ಬಿಡಬೇಕಾ ಬೇಡವಾ ಅಂತ ಕಚ್ಚಾಡುವುದನ್ನು ಬಿಟ್ಟು ಯಾವ ಬೀದಿ ಅಂತ ಕೇಳಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ನಕ್ಷೆ ಬಿಚ್ಚಿದೆ. ಕಾಡಿನ ಹಾದಿಯಿಂದ ಹಳೇ ರೈಲು ಯಾರ್ಡಿನ ಹಿಂದೆ, ಮರದ ಅಂಗಡಿಯ ಓಣಿಯಲ್ಲಿ ಹಾದು ಬಂಕಿಗೆ ಒಂದೇ ಗೆರೆ ಎಳೆದೆವು. ಅಲ್ಲಿ ಮನೆಗಳು ಕಡಿಮೆ, ಶಾಲೆ ಇಲ್ಲ, ನರ್ಸಮ್ಮನ ಕಿಟಕಿಯೂ ಇಲ್ಲ. ಆ ಗೆರೆಯ ಮೇಲೆ ಉಪ್ಪು ಹಾಕಬಾರದು, ಒಂದು ಪದರ ಹಿಮ ಉಳಿಸಬೇಕು. ಗಾಡಿಗಳು ಒಂದರ ಹಿಂದೆ ಒಂದು, ರಸ್ತೆಯ ಬಲಗಡೆ ಹೋಗಬೇಕು. ಗಂಟೆಗೆ ಹತ್ತು ಮೈಲಿ, ನಮ್ಮ ಲೆಕ್ಕದಲ್ಲಿ 16 ಕಿಲೋಮೀಟರ್. ರಾತ್ರಿ ಹನ್ನೊಂದಾದ ಮೇಲೆ ಬೆಳಗಿನವರೆಗೆ ಬಂದ್. ಫುಟ್‌ಪಾತ್ ಮುಟ್ಟಿದರೆ ದಂಡ. ಹಿಮ ಕರಗಿ ಡಾಂಬರು ಕಂಡರೆ ಅವತ್ತು ದಾರಿಯೇ ಮುಚ್ಚಿತು.

ಮೋಟೆಲ್ ಅಮ್ಮನಿಗೆ ಸಮಾಧಾನ ಆಗಲಿಲ್ಲ. ಗೆರೆ ಅವರ ಬಾಗಿಲಿಗಿಂತ ಒಂದು ಅಡ್ಡರಸ್ತೆ ಮೊದಲೇ ನಿಂತಿತ್ತು. ಅತಿಥಿಗಳು ಅಲ್ಲಿಂದ ನಡೆದು ಬರಬೇಕು. ಆ ಚಳಿಗಾಲವಿಡೀ ಅವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆದರೂ ಕೋಣೆಗಳು ಮೊದಲಿನಷ್ಟು ಖಾಲಿ ಇರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಗೆರೆಯ ತುದಿಯಲ್ಲಿ ನಿಂತ ಗಾಡಿಗಳನ್ನು ನೋಡಿ ನನಗೇ ಗೊತ್ತಾಯಿತು.

ಅಯ್ಯೋ, ಗಡಿಯಾರ ನೋಡಿದರೆ ಸಮಯ ಓಡಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅದೇ ಸೀಮೆಯಲ್ಲಿ ಹೌಟನ್ ಮತ್ತು ಹ್ಯಾಂಕಾಕ್ ಎಂಬ ಜೋಡಿ ಊರುಗಳಿವೆ. ನಡುವಿನ ನೀರಿನ ಮೇಲೆ 1959ರಲ್ಲಿ ಕಟ್ಟಿದ ಎರಡು ಅಂತಸ್ತಿನ ಎತ್ತುವ ಸೇತುವೆ ಇದೆ. ಮೇಲೆ ಕಾರು, ಕೆಳಗೆ ರೈಲು ಅಂತ ಮಾಡಿದ್ದು. 1982ರಲ್ಲಿ ರೈಲು ನಿಂತಿತು. ಈಗ ಚಳಿಗಾಲದಲ್ಲಿ ಮೇಲೆ ಕಾರು, ಕೆಳಗಿನ ಅಂತಸ್ತಿನಲ್ಲಿ ಸ್ನೋಮೊಬೈಲ್. ಕಾರಿನವರಿಗೂ ಇವರಿಗೂ ಮುಖಾಮುಖಿಯೇ ಇಲ್ಲ. ಯಾರೂ ಭಾಷಣ ಮಾಡಬೇಕಾಗಿಲ್ಲ. ಒಂದು ದಾರಿ ಕೊಟ್ಟರು, ಸರಿಹೋಯಿತು. ಇದು ಮೂರನೇ ಸಲ, ಅಲ್ವಾ?

ಶಬ್ದದ ವಿಷಯ. ಈಗಿನ ಗಾಡಿಗಳು 50 ಅಡಿ ದೂರದಲ್ಲಿ 78 ಡೆಸಿಬಲ್ ಮೀರಬಾರದು ಅಂತ ತಯಾರಕರಿಗೆ ಮಿತಿ ಇದೆ. ಗಲಾಟೆ ಬರುವುದು ಸೈಲೆನ್ಸರ್ ಬದಲಾಯಿಸಿಕೊಂಡವರಿಂದ. ಅವರನ್ನು ಹಿಡಿಯಿರಿ, ಉಳಿದವರನ್ನು ಬಿಡಿ. ಮಕ್ಕಳ ವಿಷಯ. ಮಿಶಿಗನ್ನಿನಲ್ಲಿ 12ರಿಂದ 16 ವರ್ಷದ ಮಕ್ಕಳು ದೊಡ್ಡವರಿಲ್ಲದೆ ಓಡಿಸಬೇಕಾದರೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಇರಬೇಕು. ಅಪ್ಪಂದಿರೇ ಇದನ್ನು ಮರೆಯುತ್ತಾರೆ.

ಹವಾಮಾನದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಆಗುವುದಿಲ್ಲ. 2023-24ರ ಚಳಿಗಾಲ ಮಿಶಿಗನ್, ವಿಸ್ಕಾನ್ಸಿನ್, ಮಿನೆಸೋಟ ಮೂರೂ ಕಡೆ ಬೆಚ್ಚಗೇ ಕಳೆಯಿತು. ಹಿಮವೇ ಸರಿಯಾಗಿ ಬೀಳಲಿಲ್ಲ. ಬೀದಿಗೆ ಬಿಡಬೇಕೋ ಬೇಡವೋ ಅನ್ನುವವರು ಆ ವರ್ಷ ಏನು ಮಾಡಿದರು? ಹಿಮ ಇಲ್ಲದ ವರ್ಷಕ್ಕೂ ಸೇರಿಸಿ ನಿಯಮ ಬರೆಯಬೇಕು. ಡಾಂಬರು ಕಂಡ ದಿನ ದಾರಿ ಮುಚ್ಚುತ್ತದೆ ಎಂಬ ಒಂದು ಸಾಲು ಅದರಲ್ಲಿರಲಿ. ದಾರಿ ಒಂದೇ ಆದರೆ ಮುಚ್ಚುವುದೂ ಸುಲಭ, ಎರಡು ತುದಿಗೆ ಎರಡು ಬೋರ್ಡು ನಿಲ್ಲಿಸಿದರಾಯಿತು. ಊರೆಲ್ಲ ತೆರೆದಿಟ್ಟವರು ಎಷ್ಟು ಬೋರ್ಡು ಬರೆಸುತ್ತಾರೆ?

ಸ್ಟುಡಿಯೋದವರು ಗಾಜಿನ ಆಚೆಯಿಂದ ಕೈ ಸನ್ನೆ ಮಾಡುತ್ತಿದ್ದಾರೆ. ಕುಡಿದು ಓಡಿಸುವವರ ಬಗ್ಗೆ ಹೇಳುವುದು ಉಳಿಯಿತು. ಬಂಕಿನ ಪಕ್ಕದಲ್ಲೇ ಬಾರ್ ಇದ್ದರೆ ನಿಮ್ಮ ಗೆರೆಯನ್ನು ಬೇರೆ ಬಂಕಿಗೆ ಎಳೆಯಿರಿ.

ನಮಸ್ಕಾರ.